ಕಯ್ಯಾರರು ನಿಂತು ಪಾಠ ಹೇಳಿದ ನಾಡಿನಲ್ಲಿ ಕನ್ನಡ ಬಲ್ಲ ಶಿಕ್ಷಕರನ್ನು ಕೊಡಿ: ಕೇರಳದ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಕೇರಳ ಸರಕಾರದ ಮಾನ್ಯ ಸಾರ್ವಜನಿಕ ಶಿಕ್ಷಣ ಸಚಿವರಿಗೆ,

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ತರಗತಿಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ಹೆತ್ತವರಲ್ಲಿ ಒಬ್ಬನಾಗಿ ತಮಗೆ ಈ ಪತ್ರವನ್ನು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಪಾಠ ನಡೆಯಬೇಕಾದ ತರಗತಿಗೆ ಕನ್ನಡವನ್ನು ಓದಲು, ಬರೆಯಲು, ಮಾತನಾಡಲು ಬಲ್ಲ ಶಿಕ್ಷಕರನ್ನೇ ನೇಮಿಸಬೇಕು ಎಂಬುದು ನನ್ನ ಕೋರಿಕೆ. ಇದು ಹೊಸ ಬೇಡಿಕೆಯಲ್ಲ. ಈ ಕುರಿತು ಮನವಿಗಳು ಸಲ್ಲಿಕೆಯಾಗಿವೆ, ಹೆತ್ತವರೂ ಮಕ್ಕಳೂ ಶಾಲೆಯ ಅಂಗಳದಲ್ಲಿ ಕುಳಿತು ಪ್ರತಿಭಟಿಸಿದ್ದಾರೆ, ಪತ್ರಿಕೆಗಳು ಬರೆದಿವೆ. ಆದರೂ ಇನ್ನೊಮ್ಮೆ ಬರೆಯಲು ಕಾರಣ, ಈ ಬೇಡಿಕೆಯನ್ನು ಗಡಿ ವಿವಾದದ ಒಂದು ತುಣುಕು ಎಂದಷ್ಟೇ ನೋಡುವ ರೂಢಿ ಕಚೇರಿಗಳಲ್ಲಿ ಬೆಳೆದುಬಿಟ್ಟಿರುವುದು. ಇದು ಗಡಿಯ ಪ್ರಶ್ನೆಯಲ್ಲ, ತರಗತಿಯ ಪ್ರಶ್ನೆ ಎಂಬುದನ್ನು ತಮಗೆ ಮನವರಿಕೆ ಮಾಡಿಕೊಡಲು ತಮ್ಮದೇ ರಾಜ್ಯದ ಒಬ್ಬ ಶಾಲಾ ಶಿಕ್ಷಕರ ಬದುಕಿಗಿಂತ ಉತ್ತಮವಾದ ಆಧಾರ ನನಗೆ ತೋಚುವುದಿಲ್ಲ. ಅವರು ಕಯ್ಯಾರ ಕಿಞ್ಞಣ್ಣ ರೈಗಳು.

ಕರ್ನಾಟಕದ ಓದುಗರು ಕಯ್ಯಾರರನ್ನು ಕವಿಯೆಂದು ಬಲ್ಲರು. ಕರ್ನಾಟಕದೊಂದಿಗೆ ಕಾಸರಗೋಡಿನ ವಿಲೀನಕ್ಕಾಗಿ ಕೊನೆಯ ಉಸಿರಿನವರೆಗೂ ದನಿಯೆತ್ತಿದ ಹೋರಾಟಗಾರರೆಂದೂ, 1997ರಲ್ಲಿ ಮಂಗಳೂರಿನಲ್ಲಿ ನಡೆದ 66ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೆಂದೂ ಬಲ್ಲರು. ತಿರುವನಂತಪುರದ ಕಡತಗಳಲ್ಲಿ ಬಹುಶಃ ಅವರ ಹೆಸರು ವಿಲೀನ ಚಳವಳಿಯ ಪುಟಗಳಲ್ಲಿ ಮಾತ್ರ ಇರಬಹುದು. ಈ ಎರಡೂ ಕಡೆಯ ನೆನಪಿನಲ್ಲಿ ಹಿಂದೆ ಸರಿದಿರುವ ಒಂದು ಸಂಗತಿಯೇ ನನಗೆ ಮುಖ್ಯವಾದುದು. ಅವರು ಬದುಕಿನ ಬಹುಭಾಗ ಸಂಬಳಕ್ಕೆ ದುಡಿದದ್ದು ಶಾಲಾ ಶಿಕ್ಷಕರಾಗಿ. ಬದಿಯಡ್ಕದ ಬಳಿಯ ಪೆರಡಾಲದ ನವಜೀವನ ಪ್ರೌಢಶಾಲೆ ಅವರ ಕರ್ಮಭೂಮಿ. 1969ರಲ್ಲಿ ಅವರಿಗೆ ಉತ್ತಮ ಶಿಕ್ಷಕರೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಆ ಹೊತ್ತಿಗೆ ಕಾಸರಗೋಡು ಕೇರಳಕ್ಕೆ ಸೇರಿ 13 ವರ್ಷಗಳಾಗಿದ್ದವು, ಅಂದರೆ ಆ ಗೌರವ ಸಂದದ್ದು ಕೇರಳದ ಶಾಲೆಯೊಂದರ ಶಿಕ್ಷಕರಿಗೆ. ಆದ್ದರಿಂದ ಅವರ ಬದುಕಿನ ಪರಂಪರೆಗೆ ಕನ್ನಡಿಗರು ಎಷ್ಟು ಹಕ್ಕುದಾರರೋ ತಮ್ಮ ಇಲಾಖೆಯೂ ಅಷ್ಟೇ ಹಕ್ಕುದಾರ ಎಂದು ನಾನು ನಂಬಿದ್ದೇನೆ. ಹಕ್ಕಿನ ಜೊತೆಗೆ ಬರುವ ಹೊಣೆಯ ಬಗ್ಗೆಯೇ ಈ ಪತ್ರ.

ಕಿಞ್ಞಣ್ಣ ರೈಗಳು ಹುಟ್ಟಿದ್ದು 1915ರ ಜೂನ್ 8ರಂದು, ಕಯ್ಯಾರ ಎಂಬ ಊರಿನಲ್ಲಿ. ಆಗ ಅದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮನೆಯ ಮಾತು ತುಳು. ಶಾಲೆಯ ಮಾತು ಕನ್ನಡ. ಹನ್ನೆರಡರ ವಯಸ್ಸಿನಲ್ಲೇ ‘ಸುಶೀಲಾ’ ಎಂಬ ಕೈಬರಹದ ಪತ್ರಿಕೆಯನ್ನು ಹೊರತಂದ ಈ ಬಾಲಕ ಸಂಸ್ಕೃತವನ್ನೂ ಕನ್ನಡವನ್ನೂ ಶ್ರದ್ಧೆಯಿಂದ ಕಲಿತು, ಗಾಂಧೀಜಿಯವರ ಚಳವಳಿಗೆ ಮನಸ್ಸು ಕೊಟ್ಟು, ಕೆಲಕಾಲ ಪತ್ರಿಕೋದ್ಯಮದಲ್ಲಿ ಕೈಯಾಡಿಸಿ, ಕೊನೆಗೆ ನೆಲೆ ನಿಂತದ್ದು ಹಳ್ಳಿಯ ಶಾಲೆಯಲ್ಲಿ ಮತ್ತು ತನ್ನ ತೋಟದಲ್ಲಿ. ಪಾಠ ಹೇಳುವುದನ್ನೂ ಮಣ್ಣಿನ ಕೆಲಸವನ್ನೂ ಅವರು ಬೇರೆ ಬೇರೆ ದರ್ಜೆಯ ಕೆಲಸಗಳೆಂದು ಎಣಿಸಲಿಲ್ಲ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ದುಡಿತವೇ ನನ್ನ ದೇವರು’. ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಹಲವು ವರ್ಷ ಊರಿನ ಕೆಲಸವನ್ನೂ ಹೊತ್ತರು. ನಮ್ಮ ಕಡೆ ಹಳಬರು ಅವರನ್ನು ಕುರಿತು ಮಾತನಾಡುವಾಗ ಕವಿ ಎಂಬ ಪದದಷ್ಟೇ ಸಹಜವಾಗಿ ಮಾಸ್ಟ್ರು ಎಂಬ ಪದವೂ ಬರುತ್ತದೆ. ಊರಿನ ಶಾಲೆ, ಊರಿನ ರಸ್ತೆ, ಊರಿನ ಭಾಷೆ ಇವೆಲ್ಲವೂ ಒಂದೇ ಕೆಲಸದ ಭಾಗಗಳು ಎಂದು ತಿಳಿದಿದ್ದ ಶಿಕ್ಷಕರ ಒಂದು ತಲೆಮಾರು ಕರಾವಳಿಯಲ್ಲಿ ಇತ್ತು. ಕಯ್ಯಾರರು ಆ ತಲೆಮಾರಿನ ದೊಡ್ಡ ಪ್ರತಿನಿಧಿ.

ಶಿಕ್ಷಕರಾಗಿ ಅವರು ಮಾಡಿದ ಕೆಲಸದಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಅವರು ಮಕ್ಕಳಿಗಾಗಿ ಬರೆದ ಪಠ್ಯಪುಸ್ತಕಗಳು. ಹೆಸರಾಂತ ಕವಿಯೊಬ್ಬರು ಶಾಲಾ ಮಕ್ಕಳ ವಾಚನಮಾಲೆಗೂ ವ್ಯಾಕರಣ, ಪ್ರಬಂಧದ ಕೈಪಿಡಿಗಳಿಗೂ ಕುಳಿತು ಶ್ರಮಿಸುವುದು ಸಾಮಾನ್ಯ ಸಂಗತಿಯಲ್ಲ. ಆ ಬರವಣಿಗೆಯಿಂದ ಸಾಹಿತ್ಯಲೋಕದಲ್ಲಿ ಕೀರ್ತಿ ಬರುವುದಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಟಿಯನ್ನೋ ಬ್ಯಾರಿಯನ್ನೋ ಮಲಯಾಳವನ್ನೋ ಹವ್ಯಕ ಕನ್ನಡವನ್ನೋ ಆಡುವ ಮಗು ಶಾಲೆಯ ಕನ್ನಡಕ್ಕೆ ಬರುವಾಗ ಎಲ್ಲಿ ಎಡವುತ್ತದೆ, ಯಾವ ವಾಕ್ಯದಲ್ಲಿ ಅದಕ್ಕೆ ಸರಾಗವಾಗುತ್ತದೆ ಎಂಬುದನ್ನು ದಿನವೂ ಕಂಡವರು ಮಾತ್ರ ಅಂಥ ಪುಸ್ತಕಗಳನ್ನು ಬರೆಯಬಲ್ಲರು. ಸಪ್ತಭಾಷಾ ಸಂಗಮ ಎಂದು ಕಾಸರಗೋಡನ್ನು ವೇದಿಕೆಗಳಲ್ಲಿ ಹೊಗಳುತ್ತೇವೆ. ಆ ಸಂಗಮದ ನಿಜವಾದ ಭಾರವನ್ನು ಹೊರುವವರು ಒಂದನೆಯ ತರಗತಿಯ ಟೀಚರು ಮತ್ತು ಪ್ರೌಢಶಾಲೆಯ ಮಾಸ್ಟ್ರು. ಮಗುವಿನ ಮನೆಮಾತನ್ನು ಕೇಳಿ ತಿಳಿದುಕೊಂಡು ಅದಕ್ಕೆ ಕನ್ನಡದಲ್ಲಿ ಉತ್ತರ ಕೊಡುವ, ಹಾಗೆ ಉತ್ತರ ಕೊಡುತ್ತಲೇ ಮಗುವನ್ನು ಕನ್ನಡದ ಓದಿಗೆ ಕರೆತರುವ ಕೆಲಸ ಅವರದು.

ಇನ್ನೊಂದು ಸಂಗತಿಯನ್ನು ತಮ್ಮ ಗಮನಕ್ಕೆ ವಿಶೇಷವಾಗಿ ತರಬೇಕು. ಕಯ್ಯಾರರು ಮಲಯಾಳದ ವಿರೋಧಿಯಾಗಿರಲಿಲ್ಲ. ತಾವು ನಿತ್ಯ ಗೌರವಿಸುವ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರು ಅವರೇ. ತುಳುವಿನಲ್ಲಿಯೂ ಕವಿತೆ ಬರೆದರು. ಮಂಜೇಶ್ವರದ ಗೋವಿಂದ ಪೈಗಳ ಜೀವನವನ್ನು ಕುರಿತು ಕನ್ನಡಿಗರಿಗೆ ತಿಳಿಸಿಕೊಟ್ಟರು. ಒಂದು ಭಾಷೆಯನ್ನು ಪ್ರೀತಿಸುವುದೆಂದರೆ ಇನ್ನೊಂದನ್ನು ದೂರವಿಡುವುದು ಎಂಬ ಸಣ್ಣ ತಿಳಿವಳಿಕೆ ಅವರಲ್ಲಿ ಇರಲಿಲ್ಲ. ಕನ್ನಡದ ತರಗತಿಯಲ್ಲಿ ಬೆಳೆದು, ಕನ್ನಡದಲ್ಲಿ ಗಟ್ಟಿಯಾಗಿ ನೆಲೆ ನಿಂತ ಮೇಲೆ ಮಲಯಾಳದ ಒಬ್ಬ ಮಹಾಕವಿಯನ್ನು ಪ್ರೀತಿಯಿಂದ ಎದುರುಗೊಂಡ ಮನಸ್ಸು ಅದು. ಕಾಸರಗೋಡಿನ ಕನ್ನಡ ಮಕ್ಕಳು ಮಲಯಾಳವನ್ನು ಕಲಿಯಬೇಕೆಂದು ತಮ್ಮ ಸರಕಾರಕ್ಕೆ ನಿಜವಾಗಿ ಆಸೆಯಿದ್ದರೆ, ಅದಕ್ಕೆ ಕಯ್ಯಾರರು ನಡೆದ ದಾರಿಯೇ ದಾರಿ. ಮೊದಲು ಮಗುವಿಗೆ ಅದರ ಓದಿನ ಭಾಷೆಯಲ್ಲಿ ಬಲ ಬರಬೇಕು.

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಹುಟ್ಟಿದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಕಯ್ಯಾರರಿಗೆ ಆಗ 41 ವರ್ಷ. ಅವರ ಊರಾಗಲೀ ಮನೆಯಾಗಲೀ ಬದಲಾಗಲಿಲ್ಲ, ರಾಜ್ಯ ಮಾತ್ರ ಬದಲಾಯಿತು. ಮನೆಗೆ ಬೆಂಕಿ ಬಿದ್ದಿದೆ, ಬನ್ನಿ ಎಂದು ಸೋದರರನ್ನು ಕೂಗಿ ಕರೆದ ಅವರ ಕವಿತೆ ಆ ದಿನಗಳ ಸಂಕಟದಿಂದ ಹುಟ್ಟಿದ್ದು. 1957ರಲ್ಲಿ ನಡೆದ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ವಿಲೀನದ ಪರ ನಿಂತ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದುದೂ, ಗಡಿ ವಿವಾದವನ್ನು ಪರಿಶೀಲಿಸಲು 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮರುವರ್ಷ ಶಿಫಾರಸು ಮಾಡಿದುದೂ, ಆ ಶಿಫಾರಸು ಜಾರಿಗೆ ಬಾರದೆ ಉಳಿದುದೂ ಎಲ್ಲರಿಗೂ ಗೊತ್ತಿರುವ ಇತಿಹಾಸ. ಕಯ್ಯಾರರು ತಮ್ಮ ನಿಲುವನ್ನು ಕೊನೆಯವರೆಗೆ ಬಿಡಲಿಲ್ಲ. 2015ರ ಜೂನಿನಲ್ಲಿ ನೂರು ತುಂಬಿ, ಆಗಸ್ಟ್ 9ರಂದು ತೀರಿಕೊಂಡಾಗಲೂ ಅವರ ಆ ಆಸೆ ಈಡೇರದೆಯೇ ಉಳಿದಿತ್ತು. ಆ ಚರ್ಚೆಯನ್ನು ಈ ಪತ್ರದಲ್ಲಿ ಮುಂದುವರಿಸುವುದು ನನ್ನ ಉದ್ದೇಶವಲ್ಲ. ನಾನು ಹೇಳಬಯಸುವುದು ಇಷ್ಟೆ: ಅಷ್ಟು ತೀವ್ರವಾದ ಭಿನ್ನಾಭಿಪ್ರಾಯವನ್ನು ಎದೆಯಲ್ಲಿಟ್ಟುಕೊಂಡೂ ಆ ಶಿಕ್ಷಕರು ಕೇರಳ ಸರಕಾರದ ಪಠ್ಯಕ್ರಮದಲ್ಲಿ, ಕೇರಳದ ಶಾಲೆಯಲ್ಲಿ, ತಮ್ಮ ಮುಂದೆ ಕುಳಿತ ಮಕ್ಕಳಿಗೆ ಏನೂ ಕೊರತೆಯಾಗದಂತೆ ಪಾಠ ಮಾಡಿದರು. ಮಾಡಿದ್ದರಿಂದಲೇ ರಾಷ್ಟ್ರಪ್ರಶಸ್ತಿ ಬಂತು. ರಾಜ್ಯಗಳ ನಡುವಿನ ಜಗಳದ ಬಿಸಿ ಮಗುವಿನ ಪುಸ್ತಕಕ್ಕೆ ತಾಗಬಾರದು ಎಂಬ ಎಚ್ಚರ ಅವರಿಗೆ ಇತ್ತು. ಅದೇ ಎಚ್ಚರವನ್ನು ನಾವು ಈಗ ಸರಕಾರದಿಂದ ಕೇಳುತ್ತಿದ್ದೇವೆ.

ಈಗ ತರಗತಿಯೊಳಗೆ ಏನಾಗುತ್ತಿದೆ ಎಂಬುದನ್ನು ಹೇಳುತ್ತೇನೆ. ಕನ್ನಡ ಮಾಧ್ಯಮದ ಗಣಿತಕ್ಕೋ ವಿಜ್ಞಾನಕ್ಕೋ ಸಮಾಜ ವಿಜ್ಞಾನಕ್ಕೋ ನೇಮಕಗೊಂಡು ಬರುವ ಶಿಕ್ಷಕರು ತಮ್ಮ ವಿಷಯದಲ್ಲಿ ಪ್ರವೀಣರೇ ಇರಬಹುದು. ಆದರೆ ಮಕ್ಕಳ ಕೈಯಲ್ಲಿರುವ ಕನ್ನಡ ಪಠ್ಯಪುಸ್ತಕವನ್ನು ಅವರು ಓದಲಾರರು. ಕಪ್ಪುಹಲಗೆಯ ಮೇಲೆ ಕನ್ನಡದಲ್ಲಿ ಒಂದು ಶೀರ್ಷಿಕೆಯನ್ನು ಬರೆಯಲಾರರು. ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ವಿವರಿಸುತ್ತಾರೆ. ಮುಂದಿನ ಬೆಂಚಿನ ಇಬ್ಬರು ಮೂವರು ಹೇಗೋ ಗ್ರಹಿಸುತ್ತಾರೆ, ಉಳಿದವರು ಪುಸ್ತಕ ನೋಡಿ ಬರೆದುಕೊಳ್ಳುತ್ತಾರೆ. ಮಗು ಎದ್ದು ನಿಂತು ಸಂಶಯ ಕೇಳಿದರೆ ಅದು ಶಿಕ್ಷಕರಿಗೆ ತಿಳಿಯುವುದಿಲ್ಲ. ಒಂದೆರಡು ಸಲ ಹೀಗಾದ ಮೇಲೆ ಮಗು ಕೇಳುವುದನ್ನೇ ಬಿಡುತ್ತದೆ. ಪರೀಕ್ಷೆಯಲ್ಲಿ ಮಗು ಕನ್ನಡದಲ್ಲಿ ಬರೆದ ಉತ್ತರವನ್ನು ತಿದ್ದಲು ಇನ್ನೊಬ್ಬರ ಸಹಾಯ ಬೇಕಾಗುತ್ತದೆ, ಹಾಗಾಗಿ ಮಗು ಎಲ್ಲಿ ತಪ್ಪಿತು ಎಂಬುದು ಅದಕ್ಕೆ ಪಾಠ ಹೇಳಿದವರಿಗೆ ಕೊನೆಗೂ ಗೊತ್ತಾಗುವುದೇ ಇಲ್ಲ. ಒಬ್ಬ ಶಿಕ್ಷಕ ಮಾಡಬಹುದಾದ ಕೆಲಸಗಳಲ್ಲಿ ಮಗುವಿನ ತಪ್ಪನ್ನು ಓದುವುದೇ ಬಹಳ ದೊಡ್ಡದು ಎಂದು ನನ್ನ ಭಾವನೆ. ಅದು ನಡೆಯದ ತರಗತಿಯಲ್ಲಿ ಹಾಜರಿ ಪುಸ್ತಕ ಮಾತ್ರ ಸರಿಯಾಗಿರುತ್ತದೆ.

ಇದರಲ್ಲಿ ಆ ಶಿಕ್ಷಕರ ಅಪರಾಧವಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ದೂರದ ಜಿಲ್ಲೆಯಿಂದ, ಕಷ್ಟಪಟ್ಟು ಓದಿ ಪರೀಕ್ಷೆ ಗೆದ್ದು, ನೇಮಕಾತಿ ಪತ್ರ ಹಿಡಿದು ಬರುವ ಯುವತಿಯೋ ಯುವಕನೋ ತನಗೆ ತಿಳಿಯದ ಭಾಷೆಯ ನಲವತ್ತು ಮಕ್ಕಳ ಮುಂದೆ ನಿಲ್ಲಬೇಕಾಗಿ ಬರುವುದು ಅವರಿಗೂ ಅವಮಾನವೇ. ಹೊರಗೆ ಹೆತ್ತವರು ಘೋಷಣೆ ಕೂಗುತ್ತಿರುವಾಗ ಒಳಗೆ ಕುಳಿತ ಆ ಶಿಕ್ಷಕರ ಮನಸ್ಸು ಹೇಗಿರಬಹುದು ಎಂದು ಯೋಚಿಸಿದರೆ ನೋವಾಗುತ್ತದೆ. ಇಂಥವರನ್ನು ಕೆಲವು ತಿಂಗಳ ಕನ್ನಡ ತರಬೇತಿಗೆ ಕಳುಹಿಸುವ ಪರಿಹಾರವೂ ಬಳಕೆಯಲ್ಲಿದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾತನಾಡಲು ಅಷ್ಟು ಕಲಿಕೆ ಸಾಕಾದೀತು. ಹತ್ತನೆಯ ತರಗತಿಯ ರಸಾಯನಶಾಸ್ತ್ರವನ್ನೋ ಇತಿಹಾಸವನ್ನೋ ಆ ಭಾಷೆಯಲ್ಲಿ ಕಲಿಸಲು ಸಾಲದು. ತರಬೇತಿ ಮುಗಿಯುವವರೆಗಿನ ತಿಂಗಳುಗಳು ಮಕ್ಕಳ ಲೆಕ್ಕದಲ್ಲಿ ಕಳೆದುಹೋದ ತಿಂಗಳುಗಳೇ.

ನಾವು ಕೇಳುತ್ತಿರುವುದು ದಯೆಯನ್ನಲ್ಲ. ರಾಜ್ಯಗಳ ಪುನರ್ವಿಂಗಡಣೆಯಾದ ಅದೇ 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಗಡಿಗೆರೆ ಎಳೆದವರಿಗೆ ಗೆರೆಯ ಆಚೀಚೆ ಉಳಿಯುವ ಮಕ್ಕಳ ನೆನಪು ಇತ್ತು ಎಂಬುದಕ್ಕೆ ಈ ವಿಧಿಯೇ ಸಾಕ್ಷಿ. ತಮ್ಮ ರಾಜ್ಯವೇ 1969ರಲ್ಲಿ ಮಾಡಿದ ಅಧಿಕೃತ ಭಾಷೆಗಳ ಕಾಯಿದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ಪತ್ರವ್ಯವಹಾರ ಮಾಡಬಹುದು, ಅದೇ ಭಾಷೆಯಲ್ಲಿ ಉತ್ತರ ಪಡೆಯಬಹುದು ಎಂದು ಒಪ್ಪಿಕೊಂಡಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಿರಬೇಕೆನ್ನುತ್ತದೆ. ಪತ್ರಕ್ಕೆ ಕನ್ನಡದಲ್ಲಿ ಉತ್ತರ ಕೊಡಬೇಕೆಂದು ಒಪ್ಪಿದ ಸರಕಾರ, ತರಗತಿಯಲ್ಲಿ ಮಗು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಕೊಡಬಲ್ಲವರನ್ನು ನಿಲ್ಲಿಸಲು ಹಿಂಜರಿಯಬೇಕಾದ ಕಾರಣವೇನು? 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ನಮ್ಮ ಕಡೆಯ ಹೆತ್ತವರಲ್ಲಿ ಹುಟ್ಟಿದ ಅಂಜಿಕೆಗೆ ಮೂಲ ಮಲಯಾಳದ ಮೇಲಿನ ದ್ವೇಷವಲ್ಲ, ಕನ್ನಡದ ಹುದ್ದೆಗಳು ಕಣ್ಣೆದುರೇ ಹೀಗೆ ಕರಗುವುದನ್ನು ಕಂಡ ಅನುಭವ.

ಕೇರಳದ ಸಾರ್ವಜನಿಕ ಶಿಕ್ಷಣದ ಬಗ್ಗೆ ನನಗೆ ಗೌರವವಿದೆ, ಇದನ್ನು ಔಪಚಾರಿಕವಾಗಿ ಹೇಳುತ್ತಿಲ್ಲ. 1958ರ ಕೇರಳ ಶಿಕ್ಷಣ ಕಾಯಿದೆ ಅನುದಾನಿತ ಶಾಲೆಗಳ ಶಿಕ್ಷಕರಿಗೆ ಸಂಬಳದ ಭದ್ರತೆಯನ್ನೂ ಘನತೆಯನ್ನೂ ತಂದಿತು. ಕಯ್ಯಾರರಂಥವರು ಒಂದು ಗ್ರಾಮದಲ್ಲಿ ನೆಮ್ಮದಿಯಿಂದ ಪಾಠ ಮಾಡಿ, ಬರೆದು, ಸಾರ್ವಜನಿಕ ಜೀವನದಲ್ಲಿಯೂ ತೊಡಗಲು ಅಂಥ ಭದ್ರತೆ ನೆರವಾಗಿದೆ. ಗಲ್ಲಿಗಲ್ಲಿಯಲ್ಲಿ ಖಾಸಗಿ ಶಾಲೆಗಳು ತಲೆಯೆತ್ತಿದ ಮೇಲೂ ಸಾರ್ವಜನಿಕ ಶಾಲೆಗಳನ್ನು ಎತ್ತಿ ನಿಲ್ಲಿಸಲು ಹಣವನ್ನೂ ಶ್ರಮವನ್ನೂ ಹಾಕಿದ ರಾಜ್ಯ ತಮ್ಮದು. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಹೊಸ ಕಟ್ಟಡಗಳು ಬಂದಿವೆ, ತರಗತಿಗಳಿಗೆ ಪ್ರೊಜೆಕ್ಟರುಗಳು ಬಂದಿವೆ. ಅಷ್ಟೆಲ್ಲ ಮಾಡಿದ ಮೇಲೆ ಪಾಠ ಹೇಳುವವರ ವಿಷಯದಲ್ಲಿ ಈ ಅಲಕ್ಷ್ಯ ಏಕೆ ಎಂಬುದೇ ನಮಗೆ ಅರ್ಥವಾಗದಿರುವುದು.

ಕನ್ನಡ ಬಲ್ಲ ಅಭ್ಯರ್ಥಿಗಳು ಸಿಗುವುದಿಲ್ಲ ಎಂಬ ಮಾತನ್ನು ಒಪ್ಪಲು ಸಾಧ್ಯವಿಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡದ ಸ್ನಾತಕೋತ್ತರ ವಿಭಾಗವಿದೆ, ಮಾಯಿಪ್ಪಾಡಿಯಲ್ಲಿ ಶಿಕ್ಷಕರನ್ನು ತಯಾರುಮಾಡುವ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ. ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯವರೆಗೆ ಓದಿ, ಮುಂದೆ ವಿಜ್ಞಾನವನ್ನೋ ಗಣಿತವನ್ನೋ ಕಲಿತು, ಬಿ.ಎಡ್ ಮುಗಿಸಿ, ಕೆಲಸವಿಲ್ಲದೆ ಮಂಗಳೂರಿನ ಖಾಸಗಿ ಶಾಲೆಗಳಿಗೆ ದಿನವೂ ರೈಲು ಹತ್ತುವ ತರುಣ ತರುಣಿಯರು ನಮ್ಮ ಊರುಗಳಲ್ಲಿ ಇದ್ದಾರೆ. ಸಮಸ್ಯೆ ಇರುವುದು ಆಯ್ಕೆಯ ಕ್ರಮದಲ್ಲಿ. ಕನ್ನಡ ಮಾಧ್ಯಮದ ಹುದ್ದೆಗೆ ಅರ್ಜಿ ಹಾಕುವವರಿಗೆ ಕನ್ನಡ ತಿಳಿದಿರಬೇಕು ಎಂಬ ನಿಯಮ ಕಾಗದದ ಮೇಲೆ ಇದ್ದರೆ ಸಾಲದು, ಅದನ್ನು ಪರೀಕ್ಷಿಸುವ ಬಗೆಯೂ ಗಟ್ಟಿಯಾಗಿರಬೇಕು. ಸಂದರ್ಶನ ಮಂಡಳಿಯಲ್ಲಿ ಕನ್ನಡದ ಪ್ರಾಧ್ಯಾಪಕರೊಬ್ಬರು ಕಡ್ಡಾಯವಾಗಿ ಇರಲಿ. ಅಭ್ಯರ್ಥಿ ತನ್ನ ವಿಷಯದ ಒಂದು ಪಾಠವನ್ನು ಕನ್ನಡ ಪಠ್ಯಪುಸ್ತಕದಿಂದ ಓದಿ, ಮಕ್ಕಳ ಎದುರಿನಲ್ಲಿಯೇ ಕನ್ನಡದಲ್ಲಿ ಬೋಧಿಸಿ ತೋರಿಸಲಿ. ಹತ್ತು ನಿಮಿಷ ಸಾಕು, ಬರುವವರಿಗೂ ಆರಿಸುವವರಿಗೂ ಸತ್ಯ ತಿಳಿಯುತ್ತದೆ. ಈಗಾಗಲೇ ನೇಮಕಗೊಂಡು ಕನ್ನಡ ಬಾರದೆ ಸಂಕಟಪಡುತ್ತಿರುವವರನ್ನು ಅವರ ಸೇವಾ ಹಿರಿತನಕ್ಕೆ ಧಕ್ಕೆಯಾಗದಂತೆ ಮಲಯಾಳ ಮಾಧ್ಯಮದ ತರಗತಿಗಳಿಗೆ ವರ್ಗಾಯಿಸಿ. ಅವರ ಜಾಗದಲ್ಲಿ ಕಾಯಂ ನೇಮಕಾತಿಯಾಗುವವರೆಗೆ ದಿನಗೂಲಿಯ ಮೇಲಾದರೂ ಕನ್ನಡ ಬಲ್ಲವರನ್ನು ಇರಿಸಿ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನವೇ ಮಲಯಾಳ ಪುಸ್ತಕಗಳಂತೆ ಕನ್ನಡ ಪುಸ್ತಕಗಳೂ ಮಕ್ಕಳ ಕೈಸೇರುವಂತೆ ನೋಡಿಕೊಳ್ಳಿ.

ಕನ್ನಡಿಗರಾದ ನಮಗೂ, ಕರ್ನಾಟಕ ಸರಕಾರಕ್ಕೂ ಇಲ್ಲಿ ಒಂದು ಮಾತು ಹೇಳಲೇಬೇಕು. ಕಯ್ಯಾರರ ಹೆಸರಿನಲ್ಲಿ ಸಮಾರಂಭ, ಪ್ರಶಸ್ತಿ, ದತ್ತಿ ಉಪನ್ಯಾಸಗಳು ನಡೆಯುವುದು ಸಂತೋಷದ ಸಂಗತಿ. ಅದರ ಜೊತೆಗೆ, ನವೆಂಬರ್ ತಿಂಗಳಲ್ಲಿ ಗಡಿನಾಡನ್ನು ನೆನೆಯುವವರು ಜೂನ್ ತಿಂಗಳಲ್ಲಿ ಗಡಿನಾಡಿನ ಶಾಲೆಯ ದಾಖಲಾತಿಯನ್ನೂ ಕೇಳಿ ತಿಳಿದುಕೊಳ್ಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಕಾಸರಗೋಡಿನ ಮಗುವಿಗೆ ಕರ್ನಾಟಕದ ಕಾಲೇಜುಗಳಲ್ಲಿ, ಉದ್ಯೋಗಗಳಲ್ಲಿ ಗಡಿನಾಡ ಕನ್ನಡಿಗನೆಂಬ ಹಕ್ಕು ಅಲೆದಾಟವಿಲ್ಲದೆ ಸಿಗುವಂತಾಗಬೇಕು. ಓದಿಗೆ ಮುಂದೆ ದಾರಿಯಿದೆ ಎಂದು ತಿಳಿದರೆ ಮಾತ್ರ ಹೆತ್ತವರು ಕನ್ನಡ ತರಗತಿಯನ್ನು ಆರಿಸಿಕೊಳ್ಳುತ್ತಾರೆ. ಇಂಗ್ಲಿಷ್ ಮಾಧ್ಯಮದ ಕಡೆಗೆ ಓಡುತ್ತಿರುವ ನಮ್ಮ ನೆರೆಹೊರೆಯವರನ್ನು ದೂರುವುದು ಸುಲಭ. ಕನ್ನಡ ತರಗತಿಯಲ್ಲಿ ಗಣಿತ ಕಲಿಸಲು ಕನ್ನಡ ಬಲ್ಲವರು ಇಲ್ಲದಿರುವಾಗ ಅವರನ್ನು ತಡೆಯಲು ನಮ್ಮ ಬಳಿ ಯಾವ ಮಾತು ಉಳಿಯುತ್ತದೆ? ಹೀಗೆ ಮಕ್ಕಳು ಕಡಿಮೆಯಾಗುತ್ತಾರೆ. ಮಕ್ಕಳು ಕಡಿಮೆಯಾದರೆ ಹುದ್ದೆ ರದ್ದಾಗುತ್ತದೆ, ಹುದ್ದೆ ರದ್ದಾದರೆ ತರಗತಿಯೇ ಮುಚ್ಚುತ್ತದೆ. ಒಂದು ತಪ್ಪು ನೇಮಕಾತಿಯಿಂದ ಶುರುವಾಗಿ ಒಂದು ಶಾಲೆಯ ಕನ್ನಡ ವಿಭಾಗ ಮುಗಿದುಹೋಗುವುದಕ್ಕೆ ಹೆಚ್ಚು ವರ್ಷಗಳು ಬೇಕಾಗುವುದಿಲ್ಲ.

ಮಾನ್ಯರೇ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಸದ್ಯ ಯಾವ ಯಾವ ಹುದ್ದೆಯಲ್ಲಿ ಕನ್ನಡ ಓದಲು ಬರೆಯಲು ಬಾರದ ಶಿಕ್ಷಕರಿದ್ದಾರೆ ಎಂಬ ಪಟ್ಟಿಯನ್ನು ಜಿಲ್ಲಾ ಶಿಕ್ಷಣಾಧಿಕಾರಿಗಳಿಂದ ತರಿಸಿಕೊಂಡು ಸಾರ್ವಜನಿಕರ ಮುಂದಿಡಬೇಕೆಂದೂ, ಮುಂದಿನ ಶಾಲಾ ವರ್ಷ ಆರಂಭವಾಗುವುದಕ್ಕೆ ಮೊದಲು ಆ ಹುದ್ದೆಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ಸರಿಪಡಿಸಬೇಕೆಂದೂ, ಆಯ್ಕೆಯ ನಿಯಮಗಳನ್ನು ಬದಲಾಯಿಸುವಾಗ ಕನ್ನಡ ಅಧ್ಯಾಪಕರ ಸಂಘಟನೆಗಳನ್ನೂ ಹೆತ್ತವರ ಪ್ರತಿನಿಧಿಗಳನ್ನೂ ಕರೆಸಿ ಮಾತನಾಡಬೇಕೆಂದೂ ವಿನಂತಿಸುತ್ತೇನೆ. ತಾವು ಪೆರಡಾಲದ ಕಡೆಗೆ ಬರುವುದಾದರೆ ಉದ್ಘಾಟನೆಯ ವೇದಿಕೆಗೆ ಮಾತ್ರ ಹೋಗದೆ ಒಂದು ಕನ್ನಡ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕುಳಿತು ನೋಡಬೇಕೆಂದೂ ಕೋರುತ್ತೇನೆ.

ಗೌರವಪೂರ್ವಕವಾಗಿ,
ಕಾಸರಗೋಡಿನ ಕನ್ನಡ ಮಾಧ್ಯಮ ವಿದ್ಯಾರ್ಥಿಯ ತಂದೆ